ಡೋಡೋ, ಟರ್ಕಿ ಕೋಳಿ ಮತ್ತು ಮಾಗಡಿ ಕೆರೆ

ನಮ್ಮ ಗುಂಪಿನ ಹೆಸರು 'ಲಕ್ಷ್ಮೇಶ್ವರದ ಮನಿ'. ಆ ಮನೆ ಮಾರಿ ಹನ್ನೆರಡು ವರ್ಷ ಆಯ್ತು. ಈಗ ಎಲ್ಲರೂ ಡೊಂಬಿವಲಿ, ಪುಣೆ, ವಾಸ್ಕೋ ಅಂತ ಚದುರಿದ್ದಾರೆ. ನಾನು ಅಡ್ಮಿನ್, ಅಂದ್ರೆ ಎರಡೂ ಕಡೆಯಿಂದ ಬೈಸಿಕೊಳ್ಳೋ ಮನುಷ್ಯ. ಭಾನುವಾರ ಮುಂಜಾನೆ ನಡೆದದ್ದನ್ನ ಇದ್ದ ಹಾಗೇ ಹಾಕಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನಷ್ಟೇ ತೆಗೆದಿದ್ದೇನೆ.

ವಾಸ್ಕೋ ಕಾಕಾ: (ಚಿತ್ರ) ಇದು ಡೋಡೋ ಪಕ್ಷಿ! ನಮ್ಮ ಗೋವಾದಿಂದಲೇ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಹೋಗಿತ್ತು. ತಿಂದು ತಿಂದು ಕೊಬ್ಬಿ, ಓಡಲೂ ಆಗದೆ ಅಳಿದುಹೋಯಿತು. ಎಲ್ಲರಿಗೂ ಗೊತ್ತಿರಲಿ, ಐದು ಗುಂಪಿಗೆ ಕಳಿಸಿ.

ವಾಸ್ಕೋ ಕಾಕಾ: ಸಾನ್ವಿ ಸಾಲ್ಯಾಗ 'ಅಳಿದ ಹಕ್ಕಿ' ಅಂತ ಪ್ರಾಜೆಕ್ಟ್ ಕೊಟ್ಟಾರ. ನಾಳೆ ಕೊಡಬೇಕು. ಇದನ್ನ ಕಲರ್ ಪ್ರಿಂಟ್ ತಗಸಾಕ ಹೊಂಟೇನಿ.

ಪುಣೆ ಚಿನ್ನಿ: ಕಾಕಾ, ತಡೀರಿ. ಈ ಚಿತ್ರ ಬ್ಯಾಡ.

ವಾಸ್ಕೋ ಕಾಕಾ: ಯಾಕ?

ಪುಣೆ ಚಿನ್ನಿ: ಇದು ಜಹಾಂಗೀರನ ಕಾಲದ್ದು ಖರೆ, ಆಸ್ಥಾನದ್ದಲ್ಲ. ಯುರೋಪಿನಾಗ ರೋಲಂಟ್ ಸಾವರಿ ಅನ್ನಾಂವ 1626ರ ಸುಮಾರಿಗೆ ಬರದದ್ದು. ಅಂವ ಜೀವಂತ ಡೋಡೋ ನೋಡಿದ್ನೋ, ಹುಲ್ಲು ತುಂಬಿಟ್ಟದ್ದನ್ನ ನೋಡಿದ್ನೋ, ಅದರ ಜಗಳ ಇನ್ನೂ ಮುಗಿದಿಲ್ಲ. ಆದ್ರ ಆ ಗುಂಡು ಹೊಟ್ಟಿನೇ ಜಗತ್ತಿನ ತುಂಬ ಹರಡಿತು.

ಡೊಂಬಿವಲಿ ದೊಡ್ಡಪ್ಪ: ಸತ್ತ ಹಕ್ಕಿ ದಪ್ಪ ಇದ್ರೇನು, ತೆಳ್ಳಗಿದ್ರೇನು? ಹುಡುಗಿಗೆ ಮಾರ್ಕ್ಸ್ ಬಿದ್ರ ಸಾಕಲ್ಲ.

ಪುಣೆ ಚಿನ್ನಿ: ದೊಡ್ಡಪ್ಪ, ಅದ ತಪ್ಪು. 'ಕೊಬ್ಬಿ ಓಡಾಕಾಗದ ಸತ್ತಿತು' ಅಂದ್ರ ತಪ್ಪು ಯಾರದಾತು? ಹಕ್ಕಿದು. 1598ರಾಗ ಡಚ್ಚರು ಮಾರಿಷಸ್ಸಿಗೆ ಬಂದ್ರು. ಹಡಗಿನ ಜೋಡಿ ಇಲಿ, ಹಂದಿ, ಮಂಗ್ಯಾ ಎಲ್ಲಾ ಇಳದ್ವು. ಡೋಡೋ ನೆಲದ ಮ್ಯಾಲ ಗೂಡು ಮಾಡ್ತಿತ್ತು, ಒಂದ ಒಂದು ತತ್ತಿ ಇಡತಿತ್ತು. ಆ ತತ್ತಿ ಉಳಿಬೇಕಲ್ಲ? 1662ರ ನಂತರ ನಂಬುವಂಥಾ ಸುದ್ದಿನೇ ಇಲ್ಲ. ಅರವತ್ನಾಲ್ಕು ವರ್ಷದಾಗ ಮುಗೀತು.

ಸುಮಾ ವೈನಿ: ಅಯ್ಯ ಪಾಪ.

ವಾಸ್ಕೋ ಕಾಕಾ: ಇರಲಿ. ಗೋವಾದ ಮಾತಿಗೆ ಏನಂತಿ? ಅದೂ ಸುಳ್ಳೇನು?

(ಇಲ್ಲಿ ಕಾಕಾನ ಸಿಟ್ಟು ಡೋಡೋ ಮೇಲಲ್ಲ. ನಲವತ್ತು ವರ್ಷ ವಾಸ್ಕೋದಾಗ ಇದ್ದವರಿಗೆ ಗೋವಾ ಅಂದ್ರ ಸ್ವಂತ ಅಂಗಳ.)

ಪುಣೆ ಚಿನ್ನಿ: ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ ಎರಡು ಡೋಡೋ ನೋಡಿದ್ದು ಸೂರತ್ತಿನಾಗ. ಗೋವಾದಿಂದ ಜಹಾಂಗೀರನ ಕಡೆ ಹೋಗಿದ್ದು ಖಾತ್ರಿ ಇರೋದು ಟರ್ಕಿ ಕೋಳಿ! 1612ರಾಗ ಬಾದಶಹನ ಸರದಾರ ಮುಕರ್ರಬ್ ಖಾನ್ ಗೋವಾದಿಂದ ತಂದು ಕೊಟ್ಟ. ಅದರ ಕುತ್ತಿಗಿ ಓತಿಕ್ಯಾತದಂಗ ಬಣ್ಣ ಬದಲಸ್ತೈತಿ ಅಂತ ಬಾದಶಹ ಬರದಿಟ್ಟಾನ. ನಮ್ಮ ಮುತ್ತಜ್ಜ ಬಾಬರ್ ಪ್ರಾಣಿಗಳ ಬಗ್ಗೆ ಬರದ, ಚಿತ್ರ ಬರಸಲಿಲ್ಲ, ನಾ ಬರಸ್ತೇನಿ ಅಂತನೂ ಅಂದಾನ. ಅವನ ಆಸ್ಥಾನದ ಚಿತ್ರಗಾರ ಮನ್ಸೂರ್ ಬರೆದ ಆ ಟರ್ಕಿ ಈಗ ಲಂಡನ್ನಿನಾಗ ಐತಿ.

ವಾಸ್ಕೋ ಕಾಕಾ: ಟರ್ಕಿ ಅಳಿದಿಲ್ಲಲ್ಲ. ಕ್ರಿಸ್ಮಸ್ಸಿಗೆ ಇಲ್ಲಿ ಮಂದಿ ತಿಂತಾರ.

ಪುಣೆ ಚಿನ್ನಿ: ಅದಕ್ಕ ಇದನ್ನ ಹಚ್ಚಸ್ರಿ. (ಚಿತ್ರ) 1625ರ ಸುಮಾರಿನ ಮೊಘಲ್ ಚಿತ್ರ, ಈಗ ರಷ್ಯಾದಾಗ ಐತಿ. ನಡುವ ಡೋಡೋ, ಸುತ್ತ ನಮ್ಮ ದೇಶದ ಹಕ್ಕಿ. ನೋಡ್ರಿ, ಹೊಟ್ಟಿ ನೆಲಕ್ಕ ತಾಗಿಲ್ಲ.

ವಾಸ್ಕೋ ಕಾಕಾ: ಸಹಿ ಐತೇನು?

ಪುಣೆ ಚಿನ್ನಿ: ಇಲ್ಲ. ಮನ್ಸೂರನದ ಅಂತ ಬಲ್ಲವರು ಹೇಳ್ತಾರ.

ವಾಸ್ಕೋ ಕಾಕಾ: ಹಂಗಾದ್ರ ನಿಂದೂ ಫಾರ್ವರ್ಡ್, ನಂದೂ ಫಾರ್ವರ್ಡ್. ಆರ್ಟ್ ಕಾಲೇಜಿಗೆ ಫೀ ಕಟ್ಟಿದ್ದಕ್ಕ ಇಷ್ಟ ಕಲ್ತಿ.

(ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ವೈನಿ ಒಂದು ಮಂಡಕ್ಕಿ ಒಗ್ಗರಣೆ ಫೋಟೋ ಹಾಕಿದರು, ಸಮಾಧಾನಕ್ಕೆ. ಯಾರೂ ನೋಡಲಿಲ್ಲ.)

ಡೊಂಬಿವಲಿ ದೊಡ್ಡಪ್ಪ: ಚಿನ್ನಿ, ಚಿತ್ರ ದೊಡ್ಡದು ಮಾಡಿ ನೋಡಿದೆ. ಡೋಡೋದ ಕೆಳಗ ಬಾತು ಅದಾವಲ್ಲ, ಬೂದಿ ಬಣ್ಣ, ಬಿಳಿ ತಲಿ, ಹಿಂದ ಎರಡು ಕರಿ ಪಟ್ಟಿ. ಇವು ನಮ್ಮ ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರಿಗೆ ಬರೂ ಬಾತು ಅಲ್ಲೇನು?

ಪುಣೆ ಚಿನ್ನಿ: ಅವೇ! ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರ್ತಾವ.

ಡೊಂಬಿವಲಿ ದೊಡ್ಡಪ್ಪ: ಅಪ್ಪ ಸೈಕಲ್ ಮ್ಯಾಲ ಕುಂಡ್ರಿಸಿಕೊಂಡು ಹೋಗಿ ತೋರಿಸಿದ್ದ. ಬಾಳಾ, ನೀ ಮುಂದ ಕುಂತಿದ್ದಿ, ನಾ ಹಿಂದ. ಚಳಿಗಾಲದಾಗ ನಸುಕಿನ್ಯಾಗ ಹೊಲಕ್ಕ ಇಳೀತಿದ್ವು. ಪಟ್ಟಿ ಎರಡ, ಒಂದು ಮ್ಯಾಲ ಒಂದು ಕೆಳಗ. ಈ ಚಿತ್ರಗಾರ ಅದನ್ನ ತಪ್ಪಿಲ್ಲ. ನಾ ನೋಡಿದ ಹಕ್ಕಿ ಇಷ್ಟು ಸರಿ ಬರದಾಂವ, ನಾ ನೋಡಲಾರದ ಹಕ್ಕಿನ್ನ ಯಾಕ ತಪ್ಪು ಬರೀತಾನ?

ಪುಣೆ ಚಿನ್ನಿ: ದೊಡ್ಡಪ್ಪ, ಬಲ್ಲವರು ಈ ಚಿತ್ರ ನಂಬೋದೂ ಹೆಚ್ಚುಕಡಿಮಿ ಇದ ಲೆಕ್ಕದ ಮ್ಯಾಲ.

ಡೊಂಬಿವಲಿ ದೊಡ್ಡಪ್ಪ: ಮೂವತ್ತೈದು ವರ್ಷ ಬ್ಯಾಂಕಿನಾಗ ಸಹಿ ತಾಳೆ ಹಾಕಿ ನೋಡೇನಿ. ಸಹಿ ಇಲ್ಲದಿದ್ರ ಹ್ಯಾಂಡ್‌ರೈಟಿಂಗ್ ನೋಡಬೇಕು.

ವಾಸ್ಕೋ ಕಾಕಾ: ಸೈಕಲ್ ಮುಂದ ನಾ ಕುಂತಿದ್ದಿಲ್ಲ, ನೀ ಕುಂತಿದ್ದಿ. ನನ್ನ ಕಾಲು ಚಕ್ರದಾಗ ಸಿಕ್ಕಿತ್ತು, ಗುರುತು ಇನ್ನೂ ಐತಿ.

ಸುಮಾ ವೈನಿ: ಸಾನ್ವಿ ಕೇಳಾಕತ್ತಾಳ, ಡೋಡೋ ಯಾವ ಜಾತಿ ಅಂತ. ಬಾತೇನು?

ಪುಣೆ ಚಿನ್ನಿ: ಪಾರಿವಾಳದ ಬಳಗ, ವೈನಿ. ಈಗ ಉಳಿದವುಗಳಾಗ ಅದರ ಹತ್ತಿರದ ಸಂಬಂಧಿ ನಿಕೋಬಾರ್ ಪಾರಿವಾಳ. ಹೆಸರಿನಾಗ ಐತಲ್ಲ, ನಮ್ಮ ದ್ವೀಪದ್ದ.

ವಾಸ್ಕೋ ಕಾಕಾ: ಆತು. ಮೊಘಲ್ ಚಿತ್ರನ ಪ್ರಿಂಟ್ ತಗಸ್ತೇನಿ. ಬಾತಿನ ಪಟ್ಟಿ ಸ್ಪಷ್ಟ ಬರ್ಬೇಕು, ಗ್ಲಾಸಿ ಕಾಗದ ತಗೋತೇನಿ.

ಪುಣೆ ಚಿನ್ನಿ: ಕಾಕಾ, ಆ ಮೊದಲಿಂದು ಬ್ಯಾರೆ ಗುಂಪಿಗೂ ಕಳಿಸೀರೇನು?

(ಕಾಕಾ ಟೈಪಿಂಗ್... ನಿಂತಿತು. ಮತ್ತೆ ಟೈಪಿಂಗ್...)

ವಾಸ್ಕೋ ಕಾಕಾ: ಐದಕ್ಕೂ ಕಳಿಸಿದ್ದೆ. ಎಲ್ಲಾ ಕಡೆ ಅಳಿಸಿದೆ. ಈಗ ನಮ್ಮ ಸೊಸೈಟಿ ಸೆಕ್ರೆಟರಿ ಅದನ್ನ ನನಗ ಕಳಿಸ್ಯಾರ. 'ನಿಮಗೂ ಗೊತ್ತಿರಲಿ' ಅಂತ.