ಮೈಂಡ್‌ಫುಲ್‌ನೆಸ್‌ಗೆ ‘ಸಾವಧಾನ’ ಸಾಲುತ್ತಾ?

ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರ ಗುಂಪಿಗೆ ಒಂದು ಪುಟದ ಕರಪತ್ರವನ್ನು ಕನ್ನಡಕ್ಕೆ ಮಾಡಿಕೊಡಲು ಒಪ್ಪಿಕೊಂಡೆ. ವಿಷಯ, ದಿನನಿತ್ಯದ ಕೆಲಸಗಳಲ್ಲಿ ಮೈಂಡ್‌ಫುಲ್‌ನೆಸ್. ಹಲ್ಲುಜ್ಜುವಾಗ ಹಲ್ಲುಜ್ಜುವುದರ ಮೇಲೆ ಗಮನ, ಕಾಫಿ ಕುಡಿಯುವಾಗ ಕಾಫಿಯ ಮೇಲೆ, ಹೀಗೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ನಾಲ್ಕು ದಿನದಿಂದ ತಲೆಬರಹದಲ್ಲೇ ನಿಂತಿದ್ದೇನೆ.

ಮೊದಲು ‘ಧ್ಯಾನ’ ಅಂತ ಬರೆದೆ. ಮರುದಿನ ಬೆಳಗ್ಗೆ ಒಲೆ ಮುಂದೆ ನಿಂತು ಇದೇ ಪದದ ಬಗ್ಗೆ ಯೋಚಿಸುತ್ತಿದ್ದೆ. ಹಾಲು ಉಕ್ಕಿ ಬರ್ನರ್ ಮೇಲೆಲ್ಲ ಹರಿಯಿತು. ಅಮ್ಮ ಒಳಗಿನಿಂದಲೇ ಕೇಳಿದರು: “ಯಾವ ಧ್ಯಾನದಲ್ಲಿದ್ದೀಯೇ?” ಅಲ್ಲಿಗೆ ಆ ಪದದ ಕಥೆ ಮುಗಿಯಿತು. ಸಂಸ್ಕೃತದ ಇದೇ ಧ್ಯಾನ ಚೀನಾದಲ್ಲಿ ಚಾನ್ ಆಯಿತು, ಜಪಾನಿನಲ್ಲಿ ಜೆನ್ ಆಯಿತು. ನಮ್ಮ ಅಡುಗೆಮನೆಯಲ್ಲಿ ಮಾತ್ರ ಹಾಲು ಉಕ್ಕಲು ಕಾರಣವಾಯಿತು. ‘ಅವನಿಗೆ ಯಾವಾಗಲೂ ಅದೇ ಧ್ಯಾನ’ ಅಂದರೂ ಅಷ್ಟೇ, ಮನಸ್ಸು ಇಲ್ಲಿಲ್ಲ, ಇನ್ನೆಲ್ಲೋ ಇದೆ ಅಂತ.

ಆಮೇಲೆ ‘ಸಾವಧಾನ’. ಇದು ನನಗೆ ತುಂಬಾ ಇಷ್ಟವಾಗಿತ್ತು. ಬಿಡಿಸಿದರೆ ಸ-ಅವಧಾನ, ಅವಧಾನದಿಂದ ಅಂದರೆ ಗಮನದಿಂದ ಕೂಡಿದ್ದು. ಅಷ್ಟಾವಧಾನ ನೋಡಿದವರಿಗೆ ಗೊತ್ತು. ವೇದಿಕೆಯಲ್ಲಿ ಪದ್ಯ ಕಟ್ಟುತ್ತಿರುವ ಅವಧಾನಿಯ ಮನಸ್ಸನ್ನು ಎಂಟು ಜನ ಎಂಟು ಕಡೆಗೆ ಎಳೆಯುತ್ತಿರುತ್ತಾರೆ. ಅವರಲ್ಲಿ ಒಬ್ಬರಿಗೆ ಮಧ್ಯೆ ಮಧ್ಯೆ ಸಂಬಂಧವಿಲ್ಲದ ಪ್ರಶ್ನೆ ಹಾಕಿ ಗಮನ ಕೆಡಿಸುವುದೇ ಕೆಲಸ, ಅದಕ್ಕೆ ಅಪ್ರಸ್ತುತ ಪ್ರಸಂಗ ಅಂತಲೇ ಹೆಸರು. ಅವಧಾನಿ ನಕ್ಕು ಉತ್ತರ ಕೊಟ್ಟು ಮತ್ತೆ ಪದ್ಯಕ್ಕೆ ಬರುತ್ತಾರೆ. ಅಲೆದಾಡುವ ಮನಸ್ಸನ್ನು ಬೈಯದೆ ವಾಪಸ್ ಕರೆತನ್ನಿ ಅಂತ ಕರಪತ್ರದಲ್ಲಿ ಇರುವುದೂ ಇದೇ ಅಲ್ವಾ? ಮದುವೆಯಲ್ಲಿ ಅಂತರಪಟ ಹಿಡಿದಾಗ ‘ಸುಮುಹೂರ್ತೇ ಸಾವಧಾನ’ ಅನ್ನುವುದೂ ‘ಈ ಗಳಿಗೆ ಬಂತು, ಇಲ್ಲಿರಿ’ ಅಂತಲೇ.

ಆದರೆ ಬಳಕೆಯಲ್ಲಿ ಏನಾಗಿದೆ ನೋಡಿ. ‘ಸಾವಧಾನವಾಗಿ ಪಾತ್ರೆ ತೊಳೆಯಿರಿ’ ಅಂತ ಬರೆದು ಕೆಳಗಿನ ಮನೆಯ ಅಂಕಲ್‌ಗೆ ತೋರಿಸಿದೆ. “ಈ ಮಂಡಿನೋವಲ್ಲಿ ಇನ್ನೆಷ್ಟು ನಿಧಾನ ಮಾಡಲಮ್ಮಾ?” ಅಂದರು. ಸಾವಧಾನ ಅಂದರೆ ನಿಧಾನ ಅಂತಾಗಿಬಿಟ್ಟಿದೆ. ನಿಧಾನಕ್ಕೂ ಮೈಂಡ್‌ಫುಲ್‌ನೆಸ್‌ಗೂ ಸಂಬಂಧವೇ ಇಲ್ಲ. ಗಾಂಧಿ ಬಜಾರಿನ ಯಾವುದಾದರೂ ದರ್ಶಿನಿಯಲ್ಲಿ ದೋಸೆ ಹಾಕುವವರನ್ನು ನೋಡಿ. ಹೆಂಚಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುತ್ತಾರೆ. ಕೊನೆಯದು ಹುಯ್ಯುವಷ್ಟರಲ್ಲಿ ಮೊದಲನೆಯದರ ಅಂಚು ಬಿಡುವುದು ಅವರಿಗೆ ಗೊತ್ತು. ಮಿಂಚಿನ ವೇಗ, ಆದರೆ ಮನಸ್ಸು ಹೆಂಚಿನ ಮೇಲೇ.

‘ಎಚ್ಚರ’ ಅಂದರೆ ರೋಡ್ ಹಂಪಿನ ಬೋರ್ಡು ನೆನಪಾಗುತ್ತದೆ. ‘ಅರಿವು’ ತೂಕದ ಪದವೇ, ಆದರೆ ಡೆಂಗಿ ಜಾಗೃತಿಯವರು ಅದನ್ನು ಜಾಸ್ತಿ ಸವೆಸಿದ್ದಾರೆ. ‘ಪ್ರಜ್ಞೆ’ ಅಂದರೆ ತಪ್ಪುವಂಥದ್ದು, ಮುಖಕ್ಕೆ ನೀರು ಹೊಡೆದರೆ ಬರುವಂಥದ್ದು.

ಮೂಲಕ್ಕೇ ಹೋಗೋಣ ಅಂದರೆ ಅದು ಬೌದ್ಧ ಗ್ರಂಥಗಳ ಪಾಲಿ ಭಾಷೆಯ ‘ಸತಿ’. ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಅದನ್ನು ಮೈಂಡ್‌ಫುಲ್‌ನೆಸ್ ಅಂತ ಇಂಗ್ಲಿಷಿಗೆ ತಂದರು. ಕರಪತ್ರದಲ್ಲಿ ‘ದಿನವೂ ಸತಿಯನ್ನು ಗಮನಿಸಿ’ ಅಂತ ಬರೆದರೆ ಆಂಟಿಯರು ಖುಷಿಪಡಬಹುದು, ಅಷ್ಟೇ. ಸಂಸ್ಕೃತದಲ್ಲಿ ಅದು ‘ಸ್ಮೃತಿ’, ನೆನಪು. ಇಲ್ಲಿ ನನಗೆ ಒಂದು ಎಳೆ ಸಿಕ್ಕಿತು. ಇದಕ್ಕೆ ವಿರುದ್ಧವಾದದ್ದನ್ನು ಕನ್ನಡ ‘ಮೈಮರೆವು’ ಅನ್ನುತ್ತದೆ. ಮರೆಯುವುದು ಮನಸ್ಸನ್ನಲ್ಲ, ಮೈಯನ್ನು! ‘ಮೈಮೇಲೆ ಎಚ್ಚರ ಇಲ್ವಾ?’ ಅನ್ನುವುದೂ ಹಾಗೇ. ಇಂಗ್ಲಿಷಿನವರು ಮೈಂಡ್ ಹಿಡಿದುಕೊಂಡರು, ನಾವು ಮೈ ಹಿಡಿದುಕೊಂಡೆವು. ಹಾಗಾದರೆ ‘ಮೈಮರೆಯದೆ’ ಅನ್ನೋಣವೇ? ನೆನಪೂ ಬಂತು, ಮೈಯೂ ಬಂತು. ಒಂದೇ ತೊಡಕು, ಹಾಡು ಕೇಳಿ ಮೈಮರೆತೆ ಅನ್ನುವುದು ನಮಗೆ ಸುಖದ ಮಾತು. ಅದನ್ನು ಬಿಡಿ ಅಂತ ಯಾರಿಗೆ ಹೇಳಲಿ?

ಸದ್ಯಕ್ಕೆ ‘ಮನಸ್ಸಿಟ್ಟು’ ಅಂತ ಇಟ್ಟುಕೊಂಡಿದ್ದೇನೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಶುರುಮಾಡಿದ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ಆಮೇಲೆ ತಿನ್ನುವ ಅಭ್ಯಾಸವಿದೆ. ‘ಒಣದ್ರಾಕ್ಷಿಯನ್ನು ಮನಸ್ಸಿಟ್ಟು ತಿನ್ನಿ’ ಅಂದರೆ ಅಮ್ಮನಿಗೂ ಅರ್ಥವಾಯಿತು. ಆದರೆ ಇದರಿಂದ ನಾಮಪದ ಹುಟ್ಟುವುದಿಲ್ಲ. ‘ಮನಸ್ಸಿಡುವಿಕೆ’ ಅಂತ ಬರೆಯಲು ಕೈ ಬರುತ್ತಿಲ್ಲ. ‘ಮನಸ್ಸಿಟ್ಟು ಓದು’ ಅಂತ ಬೈಸಿಕೊಂಡು ಬೆಳೆದವರಿಗೆ ಇದರಲ್ಲಿ ಮೇಷ್ಟರ ದನಿ ಕೇಳಿಸಬಹುದು ಅನ್ನುವ ಅನುಮಾನವೂ ಇದೆ.

ನಿಮ್ಮ ಕಡೆ ಏನಂತೀರಿ? ಧಾರವಾಡದ ಸಹೋದ್ಯೋಗಿಯೊಬ್ಬರು ‘ಲಕ್ಷ್ಯ’ ಅಂದರು. ಗಮನವಿಲ್ಲದವರನ್ನು ‘ಖಬರಗೇಡಿ’ ಅಂತ ಬೈಯುತ್ತಾರಂತೆ. ಹಾಗಿದ್ದರೆ ‘ಖಬರಿಟ್ಟು’ ಅನ್ನುವ ಬಳಕೆಯೂ ಉಂಟೇ? ಇನ್ನೊಂದು ಪ್ರಶ್ನೆ ಮಂಡ್ಯದವರಿಗೆ. ‘ಗ್ಯಾನ ಇಟ್ಕೊಂಡು ಹೋಗು’ ಅನ್ನುವಾಗಿನ ಗ್ಯಾನ ಜ್ಞಾನದಿಂದ ಬಂದದ್ದೋ, ಧ್ಯಾನದಿಂದಲೋ? ಧ್ಯಾನದಿಂದ ಅಂತಾದರೆ, ಉಕ್ಕಿದ ಹಾಲಿನ ಜೊತೆ ಒರೆಸಿ ಹಾಕಿದ ಪದವನ್ನು ನಾನು ವಾಪಸ್ ತರಬೇಕಾಗುತ್ತದೆ.