ಪದಚರ್ಚೆ: ‘ರಾಸಾಯನಿಕ ಅಸಮತೋಲನ’ಕ್ಕೆ ಬದಲಿ ಮಾತು, ‘ಸೇಲಿಯನ್ಸ್’ಗೆ ಕನ್ನಡ ಪದ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಸ್ಥಿತಿಯಾದ ಸೈಕೋಸಿಸ್ ಮೊದಲ ಬಾರಿಗೆ ಕಾಣಿಸಿಕೊಂಡ ಹುಡುಗ ಹುಡುಗಿಯರ ಮನೆಯವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮೆದುಳಿನ ರಸಾಯನಶಾಸ್ತ್ರವನ್ನು ವಿವರಿಸುವ ಅಧ್ಯಾಯದಲ್ಲಿ ಎರಡು ಮಾತುಗಳ ಬಳಿ ಕೆಲಸ ನಿಂತುಹೋಗಿದೆ. ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ರಾಸಾಯನಿಕ ಅಸಮತೋಲನ’. ಈ ಮಾತು ಕನ್ನಡದ ಆರೋಗ್ಯ ಬರಹಗಳಲ್ಲಿ ಬೇರೂರಿದೆ, ಒಳ್ಳೆಯ ಕೆಲಸವನ್ನೂ ಮಾಡಿದೆ. ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ, ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ಮಾತುಗಳಿಂದ ಎಷ್ಟೋ ಕುಟುಂಬಗಳನ್ನು ಅದು ಬಿಡಿಸಿದೆ. ಆದರೆ ಕರಡನ್ನು ಓದಿ ಹೇಳಿದಾಗ ಕೇಳುವವರ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಒಬ್ಬ ತಾಯಿ ಪೂರ್ತಿ ಕೇಳಿಸಿಕೊಂಡು, “ನಂಗೆ ಥೈರಾಯ್ಡ್ ಇದೆ ಅಂತ ರಕ್ತ ನೋಡಿ ಹೇಳಿದ್ರು. ಇವನಿಗೂ ರಕ್ತ ನೋಡಿ ಯಾವ್ದು ಕಮ್ಮಿ ಆಗಿದೆ ಹೇಳ್ಬಿಡಿ, ಅದನ್ನೇ ಕೊಡೋಣ” ಎಂದರು. ಇನ್ನೊಬ್ಬ ತಂದೆ, ಕೃಷಿಕರು, ‘ರಾಸಾಯನಿಕ’ ಎಂದ ಕೂಡಲೇ ಗೊಬ್ಬರ ಮತ್ತು ಔಷಧಿ ಸಿಂಪಡಿಸಿದ ತರಕಾರಿಯ ಮಾತೆತ್ತಿದರು. ಮಗಳು ಪಟ್ಟಣದ ಹಾಸ್ಟೆಲಿನಲ್ಲಿ ತಿಂದ ಊಟದಿಂದಲೇ ಹೀಗಾಯಿತೇ ಎಂದು ಕೇಳಿದರು. ಇಬ್ಬರೂ ಪದವನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು. ತಪ್ಪು ಪದದ್ದು. ತೋಲನ ಎಂದರೆ ತೂಗುವುದು. ತಕ್ಕಡಿಯ ಚಿತ್ರ ಬಂದ ಮೇಲೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆದರೆ ಇಲ್ಲಿ ತಿಳಿದಿರುವ ಸಂಗತಿ ತೂಕದ್ದಲ್ಲ, ಜಾಗ ಮತ್ತು ಹೊತ್ತಿನದು. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕದ ಕುರಿತ ವಿಚಾರ ಶುರುವಾದದ್ದೇ ಔಷಧಿಗಳಿಂದ, ಅದರ ಒಂದು ಎಳೆ ನಮ್ಮ ಸರ್ಪಗಂಧದ ಬೇರಿನಲ್ಲಿದೆ. ಸೂತ್ರನಾಭಿ ಎಂದೂ ಕರೆಯುವ ಈ ಗಿಡದ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟಾಗ ಮೊಲಗಳು ಮಿಸುಕಾಡದೆ ಬಿದ್ದಿದ್ದವು. ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟ ಕೂಡಲೇ ಎದ್ದು ಓಡಾಡಿದವು. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಇದನ್ನು ತೋರಿಸಿದರು. ಕ್ಲೋರ್‌ಪ್ರೊಮಝಿನ್, ಹ್ಯಾಲೊಪೆರಿಡಾಲ್‌ನಂಥ ಸೈಕೋಸಿಸ್ ಔಷಧಿಗಳು ಡೋಪಮಿನ್ ಬಂದು ಕೂರುವ ನರಕೋಶದ ಗ್ರಾಹಕಗಳನ್ನೇ ತಡೆಯುತ್ತವೆ ಎಂಬ ಊಹೆಗೆ ದಾರಿ ಮಾಡಿದ್ದು ಅವರದೇ 1963ರ ಬರಹ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಔಷಧಿ ಡೋಪಮಿನ್ನನ್ನು ತಡೆಯುತ್ತದೆಯಾದ್ದರಿಂದ ಕಾಯಿಲೆ ಎಂದರೆ ಡೋಪಮಿನ್ ಹೆಚ್ಚಾಗುವುದು ಎಂಬ ಸರಳ ತೀರ್ಮಾನ ಅಲ್ಲಿಂದ ಹರಡಿತು.

ಆಮೇಲೆ, ಮೆದುಳಿನೊಳಗೆ ನಡೆಯುವುದನ್ನು ಚಿತ್ರವಾಗಿ ತೋರಿಸುವ ಪೆಟ್ ಸ್ಕ್ಯಾನ್‌ಗಳು ತೋರಿಸಿದ್ದು ಇದಕ್ಕಿಂತ ಸೂಕ್ಷ್ಮವಾದದ್ದು. ಮೆದುಳಿನ ಒಳಭಾಗದ ಸ್ಟ್ರಯೇಟಮ್ ಎಂಬಲ್ಲಿ ನರತುದಿಗಳು ಡೋಪಮಿನ್ ತಯಾರಿಸಿ ಬಿಡುವ ಶಕ್ತಿ ಸೈಕೋಸಿಸ್ ಇರುವವರಲ್ಲಿ ಸರಾಸರಿಯಾಗಿ ಹೆಚ್ಚಿರುತ್ತದೆ. ಕಾಯಿಲೆ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ, ಅದರ ಸುಳಿವು ಮಾತ್ರ ಇದ್ದ ಕೆಲವರಲ್ಲೂ ಇದು ಹೆಚ್ಚಿತ್ತು ಎಂದು ಲಂಡನ್ನಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಸರಾಸರಿ ಎಂಬ ಮಾತಿಗೆ ಒತ್ತು ಕೊಡುತ್ತೇನೆ: ಒಬ್ಬೊಬ್ಬರನ್ನೇ ನೋಡಿದರೆ ಅಂಕಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ, ಆದ್ದರಿಂದ ಸ್ಕ್ಯಾನ್ ನೋಡಿ ಕಾಯಿಲೆ ಹೇಳಲಾಗದು. ರಕ್ತದಲ್ಲಂತೂ ಇದರ ಕುರುಹು ಸಿಗುವುದಿಲ್ಲ. ಔಷಧಿ ಕೆಲಸ ಮಾಡುವುದು ಗ್ರಾಹಕದ ಬಳಿ, ಉಕ್ಕುವಿಕೆ ಇರುವುದು ಅದಕ್ಕೂ ಹಿಂದೆ. ಕಾಲುವೆಯ ನೀರು ತೂಬಿನಲ್ಲಿ ಉಕ್ಕುತ್ತಿರುವಾಗ ಗದ್ದೆಯ ಬದುವನ್ನು ಎತ್ತರಿಸಿದ ಹಾಗೆ ಅದು. ಗುಣವಾಯಿತೆಂದು ಮಾತ್ರೆಯನ್ನು ತಟ್ಟನೆ ಬಿಟ್ಟವರಲ್ಲಿ ಕಾಯಿಲೆ ಮರಳುವುದೇಕೆ ಎಂದು ಮನೆಯವರು ಕೇಳುವ ಪ್ರಶ್ನೆಗೆ ಈ ಹೋಲಿಕೆಯಿಂದ ಉತ್ತರ ಹೇಳಲು ಬರುತ್ತದೆ, ತಕ್ಕಡಿಯಿಂದ ಬರುವುದಿಲ್ಲ. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ಗ್ರಾಹಕವನ್ನು ತಡೆಯುವ ಕೀಟಮಿನ್ ಎಂಬ ಅರಿವಳಿಕೆ ಔಷಧಿ ಕೂಡ ಸೈಕೋಸಿಸ್‌ನ ಹೋಲಿಕೆಯ ಅನುಭವಗಳನ್ನು ತರುತ್ತದೆ. ಹಾಗಾಗಿ ಒಂದೇ ರಾಸಾಯನಿಕದ ಲೆಕ್ಕವೂ ನಿಲ್ಲುವುದಿಲ್ಲ.

ಆದ್ದರಿಂದ ಅಸಮತೋಲನದ ಜಾಗದಲ್ಲಿ ‘ಹದ ತಪ್ಪು’ ಎಂದು ಬಳಸಿ ನೋಡಿದ್ದೇನೆ: “ಮೆದುಳು ತಾನೇ ತಯಾರಿಸುವ ಡೋಪಮಿನ್ ಎಂಬ ವಸ್ತು ಎಲ್ಲಿ, ಯಾವಾಗ, ಎಷ್ಟು ಹೊರಬರಬೇಕೋ ಅದರ ಹದ ತಪ್ಪುತ್ತದೆ.” ಪಾಕದ ಹದ, ಉಳುವ ನೆಲದ ಹದ ಎನ್ನುವಾಗ ಅದರಲ್ಲಿ ಪ್ರಮಾಣವೂ ಇದೆ, ಹೊತ್ತೂ ಇದೆ. ಕೊರಿಯಾದವರು 2011ರ ಸುಮಾರಿಗೆ, ಸೈಕೋಸಿಸ್ ಕಾಣಿಸುವ ಕಾಯಿಲೆಗಳಲ್ಲೊಂದಾದ ಸ್ಕಿಜೋಫ್ರೀನಿಯಾಕ್ಕಿದ್ದ ‘ಮನಸ್ಸು ಸೀಳಿದ ಕಾಯಿಲೆ’ ಎಂಬರ್ಥದ ಹೆಸರನ್ನು ಬಿಟ್ಟು, ತಂತಿವಾದ್ಯದ ಶ್ರುತಿ ಸೇರಿಸುವುದಕ್ಕೆ ಸಂಬಂಧಿಸಿದ ಹೆಸರೊಂದನ್ನು ತಂದರು. ಅದನ್ನು ಓದಿದ ದಿನ ನನಗೆ ನಮ್ಮ ಹದ ನೆನಪಾಯಿತು.

ಎರಡನೆಯ ಪದ ಇನ್ನೂ ಕಷ್ಟದ್ದು. ಡೋಪಮಿನ್ ಹದ ತಪ್ಪಿದರೆ ಸುಳ್ಳು ನಂಬಿಕೆ ಏಕೆ ಹುಟ್ಟಬೇಕು ಎಂಬುದಕ್ಕೆ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಕೊಟ್ಟ ವಿವರಣೆ ‘ಸೇಲಿಯನ್ಸ್’ ಎಂಬ ಪದದ ಮೇಲೆ ನಿಂತಿದೆ. ಸುತ್ತಲಿನ ಸಾವಿರ ಸಂಗತಿಗಳಲ್ಲಿ ಯಾವುದು ನಮ್ಮ ಲೆಕ್ಕಕ್ಕೆ ಬರಬೇಕೆಂದು ಗುರುತುಹಾಕುವುದರಲ್ಲಿ ಡೋಪಮಿನ್‌ಗೆ ಪಾತ್ರವಿದೆ; ಆ ಗುರುತೇ ಸೇಲಿಯನ್ಸ್. ಅದು ಹೊತ್ತುಗೊತ್ತಿಲ್ಲದೆ ಹರಿದಾಗ ಏನೂ ಅಲ್ಲದ್ದಕ್ಕೂ ಆ ಗುರುತು ಬೀಳುತ್ತದೆ. ಅದೇಕೆ ಹೀಗೆ ಎಂದು ಮನಸ್ಸು ಹುಡುಕಿಕೊಳ್ಳುವ ಉತ್ತರವೇ ಭ್ರಮೆ. ಚೇತರಿಸಿಕೊಂಡ ಯುವಕನೊಬ್ಬ ನನಗೆ ಹೇಳಿದ ಮಾತು ಇದಕ್ಕೆ ತೀರ ಹತ್ತಿರವಿದೆ: “ಬಸ್ಸಿನ ಬೋರ್ಡು ಮೊದ್ಲು ಬರೀ ಬೋರ್ಡಾಗಿತ್ತು. ಆಮೇಲೆ ಒಂದೊಂದು ನಂಬರೂ ಮನಸ್ಸಿಗೆ ನಾಟೋದು, ನಂಗೇ ಏನೋ ಹೇಳೋಕೆ ಬಂದಂಗೆ. ಏನು ಅಂತ ಮಾತ್ರ ಗೊತ್ತಾಗ್ತಿರ್ಲಿಲ್ಲ.” ‘ಯಾರೋ ನನ್ನ ಹಿಂದೆ ಬಿದ್ದಿದ್ದಾರೆ’ ಎಂಬ ನಂಬಿಕೆ ಅವನಿಗೆ ಬಂದದ್ದು ಕೆಲವು ವಾರಗಳಾದ ಮೇಲೆ. ಮಾತ್ರೆ ಶುರುವಾದ ಬಳಿಕವೂ ಅದು ಒಮ್ಮೆಗೇ ಅಳಿಸಿಹೋಗಲಿಲ್ಲವಂತೆ, “ಇತ್ತು, ಆದ್ರೆ ಅಷ್ಟು ಕಾಡ್ತಿರ್ಲಿಲ್ಲ.”

ಪ್ರಾಮುಖ್ಯ, ಮಹತ್ವ ಎಂದರೆ ಯೋಚಿಸಿ ಕೊಟ್ಟ ಬೆಲೆಯಾಗುತ್ತದೆ. ಇಲ್ಲಿ ನಡೆಯುವುದು ಯೋಚನೆಗೂ ಮೊದಲು. ಸೇಲಿಯನ್ಸ್‌ನ ಲ್ಯಾಟಿನ್ ಮೂಲದಲ್ಲಿ ನೆಗೆ ಎಂಬ ಅರ್ಥವಿರುವುದರಿಂದ ‘ಎದ್ದುಕಾಣಿಕೆ’ ಹತ್ತಿರ ಬರುತ್ತದೆ, ಆದರೆ ಅದು ಕಣ್ಣಿಗೆ ಮಾತ್ರ ಸಲ್ಲುತ್ತದೆ. ಸದ್ದಿಗೂ ವಾಸನೆಗೂ ಒಳಗಿನ ಯೋಚನೆಗೂ ಒಪ್ಪುವುದಿಲ್ಲ. ‘ಎದ್ದುತೋರಿಕೆ’ಯನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ತೋರಿಕೆಯ ನಗು, ತೋರಿಕೆಯ ಭಕ್ತಿ ಎಂಬ ಬಳಕೆಯಿಂದಾಗಿ, ಮಗ ನಾಟಕ ಮಾಡುತ್ತಿದ್ದಾನೆ ಎಂದು ಮೊದಲೇ ಅನುಮಾನಿಸುವ ಮನೆಯಲ್ಲಿ ಅದು ಕೇಡುಮಾಡೀತು. ಉಲ್ಬಣಕ್ಕೆ ಸಂಸ್ಕೃತದಲ್ಲಿ ಎದ್ದುಕಾಣುವ ಎಂಬ ಅರ್ಥವಿದ್ದರೂ ನಮ್ಮಲ್ಲಿ ಅದು ರೋಗ ಹೆಚ್ಚಾಗುವುದಕ್ಕೆ ಮೀಸಲಾಗಿದೆ.

ಹೀಗಾಗಿ ಆ ಯುವಕನ ಮಾತನ್ನೇ ಹಿಡಿದು ‘ನಾಟುವಿಕೆ’ ಎಂದೂ, ‘ಅಬರಂಟ್ ಸೇಲಿಯನ್ಸ್’ ಎಂಬ ಕಪೂರರ ಪದಗುಚ್ಛಕ್ಕೆ ‘ಹೊತ್ತುಗೊತ್ತಿಲ್ಲದ ನಾಟುವಿಕೆ’ ಎಂದೂ ಇಟ್ಟುಕೊಂಡಿದ್ದೇನೆ. ಕಣ್ಣಿಗೆ, ಕಿವಿಗೆ, ಮನಸ್ಸಿಗೆ ಮೂರಕ್ಕೂ ಅದು ಸಲ್ಲುತ್ತದೆ; ಮುಳ್ಳು ನಾಟುವ ನೋವೂ ಅದರಲ್ಲಿದೆ.

ಸೈಕೋಸಿಸ್ ಪದವನ್ನು ಸದ್ಯಕ್ಕೆ ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಮನೋವಿಕೃತಿ’ ಶಾಸ್ತ್ರಕ್ಕೆ ಒಪ್ಪಿದರೂ, ಪತ್ರಿಕೆಗಳು ಅತ್ಯಾಚಾರಿಗಳನ್ನು ‘ವಿಕೃತ ಮನಸ್ಸಿನವರು’ ಎಂದು ಬರೆಯುವ ಕಾಲದಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳ ಕಾಯಿಲೆಗೆ ಆ ಹೆಸರಿಡಲು ನನಗೆ ಮನಸ್ಸಾಗದು.

ತಮ್ಮಲ್ಲಿ ಕೇಳುವುದು ಎರಡು. ‘ನಾಟುವಿಕೆ’ ಉತ್ತರ ಕರ್ನಾಟಕ ಮತ್ತು ಕರಾವಳಿಯ ಕಿವಿಗೂ ಇದೇ ಅರ್ಥ ಕೊಡುತ್ತದೆಯೇ, ಅಥವಾ ಸಸಿ ನಾಟುವುದಷ್ಟೇ ಮೊದಲು ನೆನಪಾಗುತ್ತದೆಯೇ? ಎರಡನೆಯದಾಗಿ, ‘ಹದ ತಪ್ಪಿದೆ’ ಎಂದು ಗಟ್ಟಿಯಾಗಿ ಓದಿದಾಗ ಒಬ್ಬ ಅಜ್ಜಿ ಅದನ್ನು ‘ಹಾದಿ ತಪ್ಪಿದೆ’ ಎಂದು ಕೇಳಿಸಿಕೊಂಡು ಕಣ್ಣೀರು ಹಾಕಿದರು. ಈ ಅಪಾಯವಿಲ್ಲದೆ ಅದೇ ಅರ್ಥ ಕೊಡುವ ಇನ್ನೊಂದು ಮಾತು ತಮ್ಮ ಊರಿನ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.