ಸಹಾಯ ಬೇಕು: ಬಾಲ ನ್ಯಾಯ ಮಂಡಳಿ ಕೇಸು ತಾನಾಗೇ ಮುಗಿಯತ್ತಾ?

ಎಲ್ಲರಿಗೂ ನಮಸ್ಕಾರ, ನಾವು ಶಿರಸಿ ಕಡೆಯವ್ರು. ಅಕ್ಕನ ಮಗನಿಗೆ ಈಗ 16, ದೋಸ್ತರ ಜೊತೆ ಸೇರ್ಕೊಂಡು ರಸ್ತೆ ಬದಿ ನಿಲ್ಸಿದ್ದ ಯಾರದ್ದೋ ಬೈಕ್ ತಗೊಂಡೋಗಿ ಸಿಕ್ಕಿಬಿದ್ದ, ಸ್ವಲ್ಪ ದಿನ ರಿಮ್ಯಾಂಡ್ ಹೋಮಲ್ಲಿದ್ದು ಜಾಮೀನಲ್ಲಿ ಬಂದಿದಾನೆ. ವಿಚಾರಣೆ ಕಾರವಾರದಲ್ಲಿ. ಬೆಳಗಾಗೋದ್ರೊಳಗೆ ಎದ್ದು ದೇವಿಮನೆ ಘಟ್ಟ ಇಳಿದು ಹೋಗದು, ಮುಂದಿನ ತಾರೀಖು ತಗೊಂಡು ವಾಪಸ್ ಬರದು, ಇದೇ ಆಗೋಗಿದೆ.

2015ರ ಬಾಲ ನ್ಯಾಯ ಕಾಯ್ದೆ 14ನೇ ಸೆಕ್ಷನ್ ಓದಿದೆ. ಮೊದಲು ಹಾಜರುಪಡಿಸಿದ ದಿನದಿಂದ 4 ತಿಂಗಳು, ಹೆಚ್ಚಂದ್ರೆ ಇನ್ನೆರಡು ತಿಂಗಳು, ಅಷ್ಟರಲ್ಲಿ ಮುಗೀದಿದ್ರೆ ಸಣ್ಣ ಅಪರಾಧದ ಕೇಸು ಅಲ್ಲಿಗೇ ಕೊನೆ ಅಂತಿದೆ. ಇಂಥ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ, ಅಂದ್ರೆ ಸಣ್ಣ ಅಪರಾಧದ ಲೆಕ್ಕಕ್ಕೇ ಬರತ್ತೆ. ಆ ಅವಧಿನೂ ದಾಟಿ ಆಯ್ತು. ವಕೀಲರು "ಮುಂದಿನ ಡೇಟಿಗೆ ನೋಡನ" ಅಂತಾರೆ, ಪ್ರೊಬೇಷನ್ ಆಫೀಸರ್ ಪಾಪ ಒಳ್ಳೆಯವ್ರೇ, ಆದ್ರೆ ಆರ್ಡರ್ ಆಗ್ದೇ ಏನೂ ಹೇಳಕ್ಕಾಗಲ್ಲ ಅಂದ್ರು.

ಇತ್ತ ಐಟಿಐ ಫಾರ್ಮಲ್ಲಿ "ಪೊಲೀಸ್ ಕೇಸ್ ಇದೆಯೇ" ಅಂತ ಒಂದು ಕಾಲಂ, ಅಕ್ಕ ಅದೊಂದು ಬಿಟ್ಟು ಉಳಿದದ್ದೆಲ್ಲ ತುಂಬಿ ಟಿವಿ ಮೇಲಿಟ್ಟಿದಾಳೆ.

ಅವಧಿ ಮುಗಿದ್ಮೇಲೆ ಕೇಸು ತಾನಾಗೇ ಮುಗಿದಂಗೆ ಲೆಕ್ಕನಾ, ಇಲ್ಲಾ ನಾವೇ ಮಂಡಳಿಗೆ ಅರ್ಜಿ ಹಾಕಿ ಆರ್ಡರ್ ಕಾಪಿ ತಗೋಬೇಕಾ? ಮಾಡಿಸಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.